ಪರದೇಶವೂ ಪರವೇಷವೂ

ಅಪರಾಧವನ್ನು ವಸ್ತುವಾಗಿ ಉಳ್ಳ ಪಾಶ್ಚಾತ್ಯ ಕಾದಂಬರಿಗಳು ಸ್ಥೂಲವಾಗಿ ಎರಡು ಬಗೆಯವು. ಮೊದಲನೆಯದರಲ್ಲಿ ಕೊಲೆಗಾರನಾರೆಂಬುದು ಕಡೆಯವರೆಗೂ ಗೋಪ್ಯವಾಗಿದ್ದು, ಪತ್ತೇದಾರನ ಬುದ್ಧಿಯೇ ಕಥೆಯನ್ನು ನಡೆಯಿಸುತ್ತದೆ. ಎರಡನೆಯದರಲ್ಲಿ ಅಪರಾಧಿಯು ಮೊದಲೇ ವಿದಿತನು. ಅವನ ಮನಸ್ಸು ಯಾವ ದಾರಿಯನ್ನು ಹಿಡಿದೀತೆಂಬ ತಳಮಳವೇ ವಾಚಕನನ್ನು ಎಳೆದೊಯ್ಯುತ್ತದೆ. ಈ ಎರಡನೆಯ ಬಗೆಯ ಕಥೆಗಳು ಅನೇಕವೇಳೆ ಪರದೇಶದಲ್ಲಿ ನಡೆಯುತ್ತವೆ. ಇದು ವರ್ಣನೆಯ ಸೊಬಗಿಗಾಗಿ ಮಾತ್ರವೋ, ಅಥವಾ ಕಥೆಗೆ ಅವಶ್ಯವಾದ ಅಂಗವೋ ಎಂಬುದನ್ನು ಒಂದು ಪ್ರಸಿದ್ಧ ಗ್ರಂಥದ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶವು.

ಅಮೆರಿಕದ ಲೇಖಕಿ ಪೆಟ್ರಿಷಿಯಾ ಹೈಸ್ಮಿತ್ (1921-1995) ಅವರು 1955ರಲ್ಲಿ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ನ್ಯೂಯಾರ್ಕಿನಲ್ಲಿ ಸಣ್ಣಪುಟ್ಟ ವಂಚನೆಗಳಿಂದ ಕಾಲಕಳೆಯುವ ಟಾಮ್ ರಿಪ್ಲಿ ಎಂಬ ತರುಣನನ್ನು ಒಬ್ಬ ಧನಿಕನು ಇಟಲಿಗೆ ಕಳುಹಿಸುತ್ತಾನೆ. ಅಲ್ಲಿ ನೆಲೆಸಿರುವ ತನ್ನ ಮಗ ಡಿಕಿ ಗ್ರೀನ್‌ಲೀಫನನ್ನು ಮನವೊಲಿಸಿ ಕರೆತರಬೇಕೆಂಬುದೇ ಕಾರ್ಯ. ಟಾಮನು ಡಿಕಿಯ ಸ್ನೇಹವನ್ನು ಬಯಸುತ್ತಾನೆ; ಕ್ರಮೇಣ ಡಿಕಿಯೇ ತಾನಾಗಬೇಕೆಂದು ಬಯಸುತ್ತಾನೆ. ಒಂದು ದಿನ ಅವನ ಉಡುಪನ್ನು ತೊಟ್ಟು ಕನ್ನಡಿಯ ಮುಂದೆ ನಿಂತಿರುವಾಗ ಡಿಕಿಯು ಒಳಕ್ಕೆ ಬಂದು ನೋಡಿಬಿಡುತ್ತಾನೆ. ತಿರಸ್ಕಾರವು ಅಲ್ಲಿಂದ ಮೊದಲಾಗುತ್ತದೆ. ಕೊನೆಗೆ ಸಾನ್ ರೆಮೋ ತೀರದಲ್ಲಿ ಟಾಮನು ದೋಣಿಯ ಹುಟ್ಟಿನಿಂದ ಅವನನ್ನು ಹೊಡೆದು ಕೊಂದು, ರೋಮ್ ನಗರದಲ್ಲಿ ಡಿಕಿಯ ಹೆಸರನ್ನೇ ಧರಿಸಿ ಬಾಳತೊಡಗುತ್ತಾನೆ.

ಇದನ್ನು ಧನಲೋಭವೆಂದು ಕರೆದರೆ ಸಾಲದು. ಅಭಿನಿವೇಶವೆಂದು ಕರೆಯುವುದು ಯುಕ್ತ. ಈ ಅಭಿನಿವೇಶವು ಕೈಗೂಡುವುದಕ್ಕೆ ಪರದೇಶವೇ ಕಾರಣ. ಸ್ವಗ್ರಾಮದಲ್ಲಿ ಒಬ್ಬನನ್ನು ಅವನ ತಂದೆಯಿಂದ, ಮನೆಯಿಂದ, ಬಾಲ್ಯದ ನೆನಪಿನಿಂದ ಜನರು ಬಲ್ಲರು. ಪರದೇಶದಲ್ಲಿಯಾದರೋ ಅವನ ಸಹಿ, ರಹದಾರಿ, ಉಡುಪು, ಉಂಗುರ ಇವಿಷ್ಟೇ ಸಾಕ್ಷಿ. ಬ್ಯಾಂಕಿನವರು ಸಹಿಯನ್ನು ಸಂದೇಹಿಸಿದಾಗ, ಅದು ನನ್ನದೇ ಎಂದು ಡಿಕಿಯ ಹೆಸರಿನಲ್ಲಿ ಟಾಮನೇ ಉತ್ತರ ಬರೆಯುತ್ತಾನೆ. ರೋಮಿನಲ್ಲಿ ಅವನನ್ನು ಡಿಕಿಯೆಂದು ವಿಚಾರಿಸಿದ ಇಟಲಿಯ ಪೋಲೀಸ್ ಅಧಿಕಾರಿಯು ಮುಂದೆ ವೆನಿಸಿನಲ್ಲಿ ಅವನನ್ನೇ ಟಾಮನೆಂದು ವಿಚಾರಿಸುವಾಗ ಗುರುತಿಸಲಾರದೆ ಹೋಗುತ್ತಾನೆ.

ಅಭಿಜ್ಞಾನವೆಂದೊಡನೆ ಸಂಸ್ಕೃತಜ್ಞರಿಗೆ ಶಕುಂತಲೆಯ ಉಂಗುರವು ನೆನಪಿಗೆ ಬಾರದಿರದು. ಅಲ್ಲಿ ಉಂಗುರವು ಮರೆತ ಸತ್ಯವನ್ನು ಮರಳಿ ತೋರಿಸುತ್ತದೆ. ಇಲ್ಲಿಯೂ ಉಂಗುರಗಳುಂಟು, ಡಿಕಿಯ ಪ್ರೇಯಸಿ ಮಾರ್ಜಳಿಗೆ ಅವು ಟಾಮನ ಬಳಿಯಲ್ಲಿ ಸಿಕ್ಕುತ್ತವೆ. ಆದರೆ ಅವುಗಳಿಂದ ಆಕೆ ಊಹಿಸುವುದು ಕೊಲೆಯನ್ನಲ್ಲ, ಡಿಕಿಯ ಆತ್ಮಹತ್ಯೆಯನ್ನು. ಹೀಗೆ ಅಭಿಜ್ಞಾನವೇ ಭ್ರಾಂತಿಗೆ ಸಾಧನವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯುಂಟು. ಅನೌಚಿತ್ಯದಿಂದ ರಸಭಂಗವಾಗುವುದೆಂದು ಆನಂದವರ್ಧನನ ಮತ. ಇಂತಹ ಪಾಪಿಯು ನಾಯಕನಾದರೆ ಸಹೃದಯನ ಮನಸ್ಸು ಹಿಮ್ಮೆಟ್ಟಬೇಡವೆ? ಅನುಭವವು ಬೇರೆಯಾಗಿದೆ. ಉಂಗುರಗಳ ಪ್ರಸಂಗವನ್ನು ಓದುವಾಗ, ಮಾರ್ಜಳು ಆ ಪೆಟ್ಟಿಗೆಯನ್ನು ತೆರೆಯದಿರಲಿ ಎಂದು ನಾನೂ ಹಾರೈಸಿದೆನೆಂಬುದನ್ನು ಮರೆಮಾಚಲಾರೆನು. ಕೊಲೆಗಾರನ ಪಕ್ಷದಲ್ಲಿ ನಿಂತೆನಲ್ಲಾ ಎಂದು ಪುಸ್ತಕವನ್ನು ಮುಚ್ಚಿದ ಮೇಲೆ ನಾಚಿಕೆಯಾಯಿತು.

ಇದಕ್ಕೆ ಸಮಾಧಾನವನ್ನು ಹೀಗೆ ಹೇಳಬಹುದು. ಭಟ್ಟನಾಯಕನು ಪ್ರತಿಪಾದಿಸಿದ ಸಾಧಾರಣೀಕರಣವು ಇಲ್ಲಿ ಭಯವೆಂಬ ಸ್ಥಾಯಿಭಾವಕ್ಕೆ ಸಂಬಂಧಿಸಿದುದು, ಕೊಲೆಗೆ ಸಂಬಂಧಿಸಿದುದಲ್ಲ. ತನ್ನ ಗುಟ್ಟು ಬಯಲಾದೀತೆಂಬ ಅಂಜಿಕೆಯನ್ನು ಅರಿಯದ ಮನುಷ್ಯನಾರು? ಟಾಮನ ಪಾಪದಲ್ಲಿ ನಮಗೆ ಪಾಲಿಲ್ಲದಿದ್ದರೂ ಅವನ ಭಯದಲ್ಲಿ ಪಾಲುಂಟು. ಅಷ್ಟರಿಂದಲೇ ನಮ್ಮ ಧರ್ಮಬುದ್ಧಿಯು ಎಷ್ಟು ಬೇಗ ನಿದ್ರೆಹೋಗುವುದೆಂಬುದನ್ನು ಗ್ರಂಥವು ತೋರಿಸಿಕೊಡುತ್ತದೆ. ಉಪದೇಶವಿಲ್ಲದೆಯೇ ಇದು ಒಂದು ಉಪದೇಶ.

ಕಥೆಯ ಅಂತ್ಯದಲ್ಲಿ ಟಾಮನಿಗೆ ಶಿಕ್ಷೆಯಾಗುವುದಿಲ್ಲ. ತಾನೇ ಸೃಷ್ಟಿಸಿದ ಮರಣಶಾಸನದ ಬಲದಿಂದ ಡಿಕಿಯ ಸೊತ್ತೂ ದೊರೆಯುತ್ತದೆ. ಆದರೂ ಗ್ರೀಸಿನ ತೀರವನ್ನು ಸೇರುವಾಗ, ಇನ್ನು ಮುಂದೆ ಪ್ರತಿಯೊಂದು ಬಂದರಿನಲ್ಲಿಯೂ ಪೋಲೀಸರು ತನಗಾಗಿ ಕಾದಿರುವರೋ ಎಂಬ ಶಂಕೆ ಅವನನ್ನು ಹಿಡಿಯುತ್ತದೆ. ಪರರ ಹೆಸರನ್ನು ಕದ್ದವನಿಗೆ ಜಗತ್ತೆಲ್ಲವೂ ಪರದೇಶವಾಯಿತು. ಆದುದರಿಂದ ಇಂತಹ ಕಥೆಗಳಲ್ಲಿ ಪರದೇಶವು ಅಲಂಕಾರವಲ್ಲ, ಕಥಾಶರೀರದ ಅಂಗವೇ ಆಗಿದೆಯೆಂದು ನಿರ್ಣಯಿಸಬಹುದು.