ಆರು ತಿಂಗಳ ಕೆರೆಯಲ್ಲಿ ಮೀನಿನ ಬೆಳೆ

ಕೊಪ್ಪಳ ಜಿಲ್ಲೆಗೆ ಎರಡು ಮುಖ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯಲ್ಲಿ ಭತ್ತದ ಗದ್ದೆ, ಸಾಲು ಸಾಲು ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾಗಳಲ್ಲಿ ಸಜ್ಜೆ, ಜೋಳ, ತೊಗರಿ. ಮಳೆ ತಪ್ಪಿದರೆ ಗುಳೆ. ಮೀನು ಸಾಕಣೆಯ ಮಾತೆತ್ತಿದರೆ ಅದು ನೀರಾವರಿಯವರ ಕೆಲಸವೆಂದು ಬಿಟ್ಟುಬಿಡುವುದು ಸುಲಭ. ಆದರೆ ಊಟಕ್ಕೆ ಪೌಷ್ಟಿಕತೆ ಹೆಚ್ಚಾಗಿ ಬೇಕಿರುವುದು ಒಣಬೇಸಾಯದ ಮನೆಗಳಿಗೇ. ಐದಾರು ತಿಂಗಳಷ್ಟೇ ನೀರು ನಿಲ್ಲುವ ಅಲ್ಲಿನ ಕೆರೆಗಳಲ್ಲಿ ಮೀನು ಬೆಳೆದೀತೆ?

ಬೆಳೆದೀತು. ಆದರೆ ಎಲ್ಲವೂ ನಿಂತಿರುವುದು ಬಿಡುವ ಮರಿಯ ಗಾತ್ರದ ಮೇಲೆ.

ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನ ಗೆಂಡೆ ಜಾತಿಯ ಮೀನುಗಳು. ಒಂದೇ ಕೆರೆಯಲ್ಲಿ ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಆಹಾರಕ್ಕೆ ಪೈಪೋಟಿ ಕಡಿಮೆ. ತೊಂದರೆ ಬೇರೆಯದು. ಇವು ಮುಂಗಾರಿನಲ್ಲಿ ಉಕ್ಕುವ ಹೊಳೆಯಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ನೀರಿನಲ್ಲಿ ಇಡುವುದಿಲ್ಲ. ಹಿಂದೆ ಹೊಳೆಗೆ ಬಲೆಯೊಡ್ಡಿಯೇ ಮರಿ ಹಿಡಿಯಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ರಸವನ್ನು ಮೀನಿಗೆ ಚುಚ್ಚಿ ಮೊಟ್ಟೆಯಿಡಿಸಿದರು. ಜುಲೈ 10 ಮೀನು ಕೃಷಿಕರ ದಿನವಾದದ್ದು ಹೀಗೆ. ಅಂದಿನಿಂದ ಮರಿಗಾಗಿ ಹೊಳೆಯನ್ನೇ ಕಾಯುವುದು ತಪ್ಪಿತು.

ಎಳೆಮರಿ ಬೆರಳುದ್ದವಾಗಲು ಎರಡು–ಮೂರು ತಿಂಗಳು ಬೇಕು. ಕೆರೆ ತುಂಬಿದ ಮೇಲೆ ಎಳೆಮರಿ ಬಿಟ್ಟರೆ ಅರ್ಧ ಕಾಲ ಅದರ ಬಾಲ್ಯಕ್ಕೇ ಹೋಯಿತು. ಉಳಿದುದರಲ್ಲಿ ಕೊಕ್ಕರೆಯ ಪಾಲೆಷ್ಟೋ! ಅದರ ಬದಲು ಹಿಂದಿನ ವರ್ಷದ ಮರಿಗಳನ್ನು ಸಣ್ಣ ಕೊಳದಲ್ಲಿ ಒತ್ತಾಗಿ ಸಾಕಿಟ್ಟು, ಮಳೆಗಾಲದಲ್ಲಿ ಕೆರೆಗೆ ಬಿಡಬಹುದು. ಇಕ್ಕಟ್ಟಿನಲ್ಲಿ ಕುಗ್ಗಿದ್ದ ಮರಿ ವಿಶಾಲ ನೀರು ಕಂಡೊಡನೆ ಭರದಿಂದ ಬೆಳೆಯುತ್ತದೆ. ಆಂಧ್ರದ ಮೀನು ಕೃಷಿಕರಿಗೆ ಇದು ಹಳೆಯ ಪಾಠ.

ಈ ಮರಿಗಳನ್ನು ಸಾಕಲು ಗಂಗಾವತಿಯ ಕಾಲುವೆ ಪ್ರದೇಶ ತಕ್ಕುದು. ಮೀನಿನ ಮೇವೆಂದರೆ ಮುಖ್ಯವಾಗಿ ಅಕ್ಕಿ ತೌಡು, ಶೇಂಗಾ ಹಿಂಡಿ. ತೌಡು ಅಲ್ಲಿನ ಗಿರಣಿಗಳಲ್ಲೇ ಇದೆ. ಆದರೆ ಭತ್ತಕ್ಕೆ ಹೊಡೆದ ಕೀಟನಾಶಕ ಬಸಿನೀರಿನೊಡನೆ ಕೊಳಕ್ಕಿಳಿದರೆ ಬೆಳಗಾಗುವಷ್ಟರಲ್ಲಿ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಕಾಲುವೆಯ ನೀರನ್ನೂ ಪೂರ್ತಿ ನಂಬುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದನ್ನು ರೈತರು ಮರೆತಿಲ್ಲ.

ಇತ್ತ ಕುಷ್ಟಗಿಯ ನಿಡಶೇಸಿ ಕೆರೆಯ ಹೂಳನ್ನು 2019ರಲ್ಲಿ ಜನರೇ ಕೈಜೋಡಿಸಿ ತೆಗೆದರು. ಹೂಳು ತೆಗೆದಷ್ಟೂ ನೀರು ನಿಲ್ಲುವ ದಿನ ಹೆಚ್ಚು, ಮೀನಿನ ತೂಕವೂ ಹೆಚ್ಚು. ಕೃಷಿಹೊಂಡಗಳಲ್ಲೂ ಮೀನು ಬಿಡಬಹುದು. ಎರೆ ಭೂಮಿಯಲ್ಲಿ ನೀರು ತಕ್ಕಮಟ್ಟಿಗೆ ನಿಲ್ಲುತ್ತದೆ, ಮಸಾರಿಗೆ ಪ್ಲಾಸ್ಟಿಕ್ ಹಾಸು ಬೇಕು.

ಇನ್ನುಳಿದದ್ದು, ಬೆಳೆದ ಮೀನು ಯಾರ ತಟ್ಟೆಗೆ ಎಂಬುದು. ಕೆರೆಯ ಗುತ್ತಿಗೆ ಹಿಡಿದವರು ಮೀನನ್ನು ಐಸ್ ಪೆಟ್ಟಿಗೆಯಲ್ಲಿ ತುಂಬಿ ಪಟ್ಟಣಕ್ಕೆ ಸಾಗಿಸಿದರೆ ಊರಿಗೆ ದಕ್ಕುವುದು ಗುತ್ತಿಗೆಯ ಹಣ ಮಾತ್ರ. ಬಲೆ ಎಳೆದ ದಿನ ಮೊದಲ ಪಾಲು ಏರಿಯ ಮೇಲೆಯೇ ಊರವರಿಗೆ ಮಾರಾಟವಾಗಬೇಕೆಂಬ ಷರತ್ತನ್ನು ಹರಾಜಿನ ವೇಳೆಯಲ್ಲೇ ಹಾಕಬಹುದು.