ಬಾಯಿ ಸೊಟ್ಟಗಾಯಿತೇ? ಕಣ್ಣು ಜೋಪಾನ!

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಒಂದೇ ಬದಿಯಿಂದ ಸೋರುತ್ತದೆ. ಕನ್ನಡಿ ನೋಡಿದರೆ ತುಟಿ ಓರೆ. ಒಂದು ಕಣ್ಣು ಎಷ್ಟು ಪ್ರಯತ್ನಿಸಿದರೂ ಮುಚ್ಚುವುದಿಲ್ಲ. ಬಾಬಾಬುಡನ್‌ಗಿರಿ ದಾರಿಯ ಅತ್ತಿಗುಂಡಿಯಂಥ ಮಂಜಿನೂರುಗಳಲ್ಲಿ ಹೀಗಾದರೆ ತಪ್ಪೆಲ್ಲ ಥಂಡಿ ಗಾಳಿಯದು. ಇಲ್ಲವೇ, 'ಲಕ್ವ ಹೊಡೆಯಿತು' ಎಂಬ ಗಾಬರಿ.

ಗಾಬರಿ ಪೂರ್ತಿ ಸುಳ್ಳಲ್ಲ. ಮಿದುಳಿನ ಆಘಾತದಲ್ಲೂ ಬಾಯಿ ಓರೆಯಾಗುತ್ತದೆ. ಆದರೆ ಆಗ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟಿಸಲು ಬರುತ್ತದೆ. ಹಣೆಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುವುದರಿಂದ. ಮುಖದ ನರವೇ ಕೆಟ್ಟಾಗ ಆ ಬದಿಯ ಹುಬ್ಬೂ ಏಳದು. ಈ ವ್ಯತ್ಯಾಸ ನೋಡಿ ತೀರ್ಮಾನಿಸುವುದು ವೈದ್ಯರ ಕೆಲಸ, ಮನೆಯವರದಲ್ಲ. ಕೈಕಾಲಿನಲ್ಲಿ ಬಲ ಕುಂದಿದ್ದರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯುವಂತಿಲ್ಲ: ರಕ್ತದ ಹೆಪ್ಪು ಕರಗಿಸುವ ಔಷಧಿಗೆ ಇರುವುದು ನಾಲ್ಕೂವರೆ ಗಂಟೆ ಮಾತ್ರ.

ಮುಖದ ನರ ಕಿವಿಯ ಹಿಂದಿನ ಮೂಳೆಯ ಕಿರುಸುರಂಗದಲ್ಲಿ ಹಾದು ಬರುತ್ತದೆ. ಅಲ್ಲಿ ಊತ ಬಂದರೆ ನರ ಅದುಮಿಹೋಗುತ್ತದೆ. ಹರ್ಪಿಸ್ ಗುಂಪಿನ ವೈರಸ್ ಮೇಲೆ ಬಲವಾದ ಅನುಮಾನವಿದೆ. ಈ ನರವನ್ನು 1821ರಲ್ಲಿ ವಿವರಿಸಿದ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಹೆಸರಿನಿಂದ ಇದು 'ಬೆಲ್ಸ್ ಪಾಲ್ಸಿ'. ಸಕ್ಕರೆ ಕಾಯಿಲೆಯವರಲ್ಲಿ, ಗರ್ಭಿಣಿಯರಲ್ಲಿ ಹೆಚ್ಚು.

ಚಿಕಿತ್ಸೆ ಸರಳ, ಅವಧಿ ಚಿಕ್ಕದು. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ 72 ಗಂಟೆಯೊಳಗೆ ಪ್ರೆಡ್ನಿಸೋಲೋನ್ ಮಾತ್ರೆ ಪಡೆದವರಲ್ಲಿ 94 ಶೇಕಡಾ ಮಂದಿ ಒಂಬತ್ತು ತಿಂಗಳಲ್ಲಿ ಪೂರ್ತಿ ಗುಣವಾದರು; ಪಡೆಯದವರಲ್ಲಿ 82. ಸ್ಟೀರಾಯ್ಡ್ ಆದ್ದರಿಂದ ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆಯಲ್ಲ; ಸಕ್ಕರೆ ಏರಿಸುತ್ತದೆ. ಬಿಸಿ ಶಾಖ, ಎಣ್ಣೆ ತಿಕ್ಕುವುದರಲ್ಲೇ ಮೂರು ದಿನ ಕಳೆದು ನಾಲ್ಕನೆಯ ದಿನ ಗುಡ್ಡ ಇಳಿದು ಚಿಕ್ಕಮಗಳೂರಿಗೆ ಬಂದರೆ ಆ ಅವಕಾಶ ಕೈತಪ್ಪಿರುತ್ತದೆ.

ಎಲ್ಲರೂ ಬಾಯಿಯನ್ನೇ ನೋಡುತ್ತಾರೆ, ಅಪಾಯ ಇರುವುದು ಕಣ್ಣಿಗೆ. ರೆಪ್ಪೆ ಮುಚ್ಚದ ಕಣ್ಣು ಒಣಗಿ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಬಹುದು, ದೃಷ್ಟಿಯೇ ಹೋಗಬಹುದು. ರಸ್ತೆ ಧೂಳು, ಹಣ್ಣು ಕುಯ್ಯುವಾಗ ತಾಗುವ ಕಾಫಿ ಗಿಡದ ರೆಂಬೆ, ಎಲ್ಲವೂ ಶತ್ರು. ಹಗಲು ಆಗಾಗ ಕೃತಕ ಕಣ್ಣೀರಿನ ಹನಿ, ಕನ್ನಡಕ; ರಾತ್ರಿ ಮುಲಾಮು ಹಚ್ಚಿ, ರೆಪ್ಪೆ ಮುಚ್ಚಿ ಟೇಪ್ ಅಂಟಿಸಬೇಕು. ಕಣ್ಣು ಕೆಂಪಾಗಿ ನೋಯತೊಡಗಿದರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ. ಸೊಪ್ಪಿನ ರಸ ಹಿಂಡುವ ಕೈಗಳನ್ನು ದಯವಿಟ್ಟು ತಡೆಯಿರಿ.

ಕಿವಿಯಲ್ಲಿ ನೀರ್ಗುಳ್ಳೆ ಎದ್ದು ವಿಪರೀತ ನೋವಿದ್ದರೆ ಅದು ಬೇರೆ ಕಾಯಿಲೆ. ವೈರಸ್ ಔಷಧಿಯೂ ಬೇಕು. ಬೆಲ್ಸ್ ಪಾಲ್ಸಿಯಲ್ಲಿ ಹೆಚ್ಚಿನವರಿಗೆ ಮೂರು ವಾರದೊಳಗೆ ತುಟಿಯಂಚು ಮೆಲ್ಲನೆ ಮಿಸುಕತೊಡಗುತ್ತದೆ. ಮೂರು ತಿಂಗಳಾದರೂ ಸರಿಹೋಗದಿದ್ದರೆ ಮತ್ತೆ ತಜ್ಞರಿಗೆ ತೋರಿಸಬೇಕು.