ಮೂವತ್ತು ಲೋಲಕಗಳು, ಒಂದೇ ಉತ್ತರ

ಕ್ಯಾಲನೂರಿನ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನ ಪ್ರಯೋಗ ಪುಸ್ತಕವನ್ನು ತಿದ್ದುತ್ತಿದ್ದೆನು. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗ, ಉತ್ತರ 9.81. ಮುಂದಿನ ಪುಸ್ತಕದಲ್ಲಿಯೂ 9.81, ಅದರ ಮುಂದಿನದರಲ್ಲಿಯೂ ಅದೇ. ತರಗತಿಯ ಮೂವತ್ತು ಲೋಲಕಗಳೂ ಮಾತನಾಡಿಕೊಂಡು ತೂಗಿದಂತಿದ್ದಿತು!

ಇದು ಸಾಧ್ಯವೆ? ವಾಚಕರೇ ಲೆಕ್ಕ ಹಾಕಿ ನೋಡಲಿ. ಒಂದು ಮೀಟರು ಉದ್ದದ ಲೋಲಕಕ್ಕೆ ಇಪ್ಪತ್ತು ಆಂದೋಲನಗಳಿಗೆ ಸುಮಾರು 40 ಸೆಕೆಂಡು ಬೇಕು. ಗಡಿಯಾರವನ್ನು ನಿಲ್ಲಿಸುವ ಬೆರಳು 0.2 ಸೆಕೆಂಡು ತಪ್ಪಿದರೂ ಉತ್ತರದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸ ಬರುವುದು. ಆದುದರಿಂದ ಪ್ರಾಮಾಣಿಕ ಉತ್ತರಗಳು 9.7ರಿಂದ 9.9ರವರೆಗಾದರೂ ಚದರಿರಬೇಕು. ಇನ್ನೊಂದು ಸ್ವಾರಸ್ಯವಿದೆ. 9.81 ಎಂಬುದು ಲಂಡನ್, ಪ್ಯಾರಿಸ್‌ಗಳ ಬೆಲೆ. 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವ ನಮ್ಮ ಕೋಲಾರದಲ್ಲಿ ಅದು 9.78ರ ಸಮೀಪ. ನಮ್ಮ ಹುಡುಗರು ಲಂಡನ್ನಿನ ಗುರುತ್ವವನ್ನೇ ಹೊತ್ತು ತಂದಿದ್ದರು!

ಕೇಳಿದಾಗ ಅವನು ತಲೆ ತಗ್ಗಿಸಲಿಲ್ಲ. "ನನಗೆ 9.59 ಬಂದಿತ್ತು, ಸಾರ್. ಹಾಗೇ ಬರೆದರೆ ಅಂಕ ಹೋಗುತ್ತದೆ" ಎಂದನು. ಪರೀಕ್ಷೆಗೆ ಚೀಟಿ ಒಯ್ಯುವುದನ್ನು ಕಳ್ಳತನವೆನ್ನುವವರೇ ಇದನ್ನು ವಾಡಿಕೆಯೆನ್ನುತ್ತಾರೆ. ಉತ್ತರಕ್ಕೆ ಮಾತ್ರ ಅಂಕ ಕೊಟ್ಟು ಆ ವಾಡಿಕೆಯನ್ನು ಬೆಳೆಸಿದವರು ಅಧ್ಯಾಪಕರಾದ ನಾವೇ. ಮುಂದೆ ಸಂಶೋಧನೆಗೆ ಹೋದಾಗ ಈ ರಿಯಾಯಿತಿ ಇಲ್ಲ: ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮದಂತೆ, ಪ್ರಬಂಧದಲ್ಲಿ ನೂರಕ್ಕೆ 60 ಭಾಗಕ್ಕಿಂತ ಹೆಚ್ಚು ಕೃತಿಚೌರ್ಯವಿದ್ದರೆ ನೋಂದಣಿಯೇ ರದ್ದಾಗುವುದು.

ಆದರೆ ಆ 9.59 ಎಲ್ಲಿಂದ ಬಂದಿತು? ಇಬ್ಬರೂ ಲೋಲಕದ ಬಳಿಗೆ ಹೋದೆವು. ಅವನು ದಾರವನ್ನು ಗುಂಡಿನ ಕೊಕ್ಕೆಯವರೆಗೆ ಅಳೆದಿದ್ದನು, 98 ಸೆಂಟಿಮೀಟರು. ಗುಂಡಿನ ಕೇಂದ್ರದವರೆಗೆ ಅಳೆಯಬೇಕಾಗಿದ್ದಿತು. ಬಿಟ್ಟುಹೋದ ಎರಡು ಸೆಂಟಿಮೀಟರನ್ನು ಸೇರಿಸಿ ಅವನೇ ಮತ್ತೆ ಲೆಕ್ಕ ಮಾಡಿದನು. 9.79 ಬಂದಿತು.